ಗೌರವಧನವೂ ಗೌರವವೂ

ಲೋಕದಲ್ಲಿ ಕೆಲವು ಋಣಗಳನ್ನು ನಾವು ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತೇವೆ. ಕೆಲವನ್ನು ಬಾಯಿಮಾತಿನಲ್ಲಿಯೇ ತೀರಿಸಿ ಸುಮ್ಮನಾಗುತ್ತೇವೆ. ಹಣ ಕೊಟ್ಟವನ ಋಣ ಮೊದಲನೆಯ ಬಗೆಯದು. ಕೂಸನ್ನು ಕಾಯ್ದವರ ಋಣ ಎರಡನೆಯ ಬಗೆಯದು. ತಾಯಿ ಹೊಲಕ್ಕೆ, ತಂದೆ ಕೂಲಿಗೆ ಹೋದ ಹೊತ್ತಿನಲ್ಲಿ ಮಗುವಿಗೆ ಉಣ್ಣಿಸಿ, ಹಾಡು ಹೇಳಿಸಿ, ಬಣ್ಣಗಳ ಹೆಸರು ಕಲಿಸಿ, ಸಂಜೆಯ ಹೊತ್ತಿಗೆ ಕ್ಷೇಮವಾಗಿ ಮನೆಗೆ ಒಪ್ಪಿಸುವ ಹೆಣ್ಣುಮಗಳಿಗೆ ನಾವು ಏನನ್ನು ಸಲ್ಲಿಸಬೇಕು? ಕೃತಜ್ಞತೆಯನ್ನೋ, ಕೂಲಿಯನ್ನೋ, ಎರಡನ್ನೂ ಮೀರಿದ ಬೇರೊಂದನ್ನೋ? 2020ರಲ್ಲಿ ಬಂದೆರಗಿದ ಕೊರೊನಾ ಮಹಾಮಾರಿ ಈ ಪ್ರಶ್ನೆಯನ್ನು ನಮ್ಮ ಮುಂದೆ ಬಹು ನಿಷ್ಠುರವಾಗಿ ನಿಲ್ಲಿಸಿತು. ಮಹಾಮಾರಿ ಶಮನವಾಗಿದೆ, ಪ್ರಶ್ನೆಗೆ ಮಾತ್ರ ನಾವಿನ್ನೂ ಉತ್ತರ ಕೊಟ್ಟಿಲ್ಲ. ಆದುದರಿಂದ ವಾಚಕರೊಡನೆ ಈ ವಿಷಯವನ್ನು ಕುರಿತು ಕೊಂಚ ವಿಚಾರ ಮಾಡುವುದು ಉಚಿತವೆಂದು ಭಾವಿಸುತ್ತೇವೆ.

ಮೊದಲಿಗೆ ಸಂಗತಿಗಳನ್ನು ನೋಡೋಣ. ‘ಅಂಗನವಾಡಿ’ ಎಂಬ ಮಾತಿನಲ್ಲಿರುವ ಅಂಗಣವನ್ನು ನಾವು ಮರೆತಿದ್ದೇವೆ. 1945ರಲ್ಲಿ ತಾರಾಬಾಯಿ ಮೋಡಕ್ ಅವರು ಮಹಾರಾಷ್ಟ್ರದ ಬೋರ್ಡಿ ಎಂಬ ಊರಿನಲ್ಲಿ ಶಿಶುಶಿಕ್ಷಣದ ಕಾರ್ಯವನ್ನು ಆರಂಭಿಸಿದರು. ಬಡವರ ಮಕ್ಕಳು ತಾವಾಗಿ ಶಾಲೆಗೆ ಬರಲಾರರೆಂದು ಕಂಡಾಗ ಅವರೂ ಅವರ ಸಹಕಾರಿಣಿ ಅನುತಾಯಿ ವಾಘ್ ಅವರೂ ಶಾಲೆಯನ್ನೇ ಆ ಮಕ್ಕಳ ಕೇರಿಯ ಅಂಗಳಕ್ಕೆ ಒಯ್ದರು. ಆ ಭಾವನೆಯೇ ಮುಂದೆ ರಾಷ್ಟ್ರವ್ಯಾಪಿಯಾಯಿತು. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ನಮ್ಮ ನಾಡಿನಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಕರ್ನಾಟಕದಲ್ಲಿ 65 ಸಾವಿರಕ್ಕೂ ಮಿಕ್ಕಿ ಅಂಗನವಾಡಿಗಳಿವೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವ ಸೇವೆ, ತಾಯಂದಿರಿಗೆ ಆರೋಗ್ಯ ಮತ್ತು ಆಹಾರದ ತಿಳಿವಳಿಕೆ ಎಂಬ ಆರು ಹೊಣೆಗಳು ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಹೆಗಲ ಮೇಲಿವೆ. ಇಷ್ಟಾದರೂ ಸರ್ಕಾರದ ಕಡತಗಳಲ್ಲಿ ಅವರು ನೌಕರರಲ್ಲ, ‘ಗೌರವ ಕಾರ್ಯಕರ್ತೆಯರು’. ಅವರಿಗೆ ಸಲ್ಲುವುದು ವೇತನವಲ್ಲ, ‘ಗೌರವಧನ’.

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿತು. ಅಂಗನವಾಡಿಯ ಬಾಗಿಲೂ ಮುಚ್ಚಿತು. ಆದರೆ ಕಾರ್ಯಕರ್ತೆಗೆ ಮನೆಯಲ್ಲಿ ಕುಳಿತುಕೊಳ್ಳುವ ಅವಕಾಶವಿರಲಿಲ್ಲ. ಕೇಂದ್ರದಲ್ಲಿ ಬಿಸಿಯಾಗಿ ಬಡಿಸುತ್ತಿದ್ದ ಆಹಾರವನ್ನು ಅಕ್ಕಿ, ಬೇಳೆ, ಹಾಲಿನ ಪುಡಿಯ ರೂಪದಲ್ಲಿ ಮನೆಮನೆಗೆ ಮುಟ್ಟಿಸಬೇಕಾಯಿತು. ಪರಊರಿನಿಂದ ಬಂದವರು ಯಾರು, ಜ್ವರ ಬಂದವರು ಯಾರು, ಮನೆಯಲ್ಲಿ ವೃದ್ಧರೆಷ್ಟು, ಬಸುರಿಯರೆಷ್ಟು ಎಂದು ಆಶಾ ಕಾರ್ಯಕರ್ತೆಯರೊಡನೆ ಬೀದಿ ಬೀದಿ ತಿರುಗಿ ಬರೆದುಕೊಳ್ಳಬೇಕಾಯಿತು. ನೆರೆಮನೆಯವರು ಒಬ್ಬರನ್ನೊಬ್ಬರು ಕಂಡು ಹಿಂಜರಿಯುತ್ತಿದ್ದ ಆ ದಿನಗಳಲ್ಲಿ ಮುಖಕ್ಕೊಂದು ಬಟ್ಟೆ ಕಟ್ಟಿಕೊಂಡು ಪ್ರತಿ ಹೊಸ್ತಿಲಿಗೂ ಹೋಗಿ ನಿಂತವರು ಇವರು. ಶಾಲೆಯು ಮಗುವಿನ ಅಂಗಳಕ್ಕೆ ಹೋಗಬೇಕೆಂದು ತಾರಾಬಾಯಿಯವರು ಕಂಡ ಸತ್ಯವು ಎಪ್ಪತ್ತೈದು ವರ್ಷಗಳ ತರುವಾಯ ಹೀಗೆ ಮತ್ತೊಮ್ಮೆ ನಿಜವಾಯಿತು. 2021ರ ಜನವರಿ 13ರಂದು ಸರ್ವೋಚ್ಚ ನ್ಯಾಯಾಲಯವು ನಿರ್ಬಂಧಿತ ಪ್ರದೇಶಗಳ ಹೊರಗಿನ ಅಂಗನವಾಡಿಗಳನ್ನು ಆ ತಿಂಗಳೊಳಗೆ ತೆರೆಯುವ ಬಗ್ಗೆ ನಿರ್ಧರಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಆದರೆ ಎರಡನೆಯ ಅಲೆ ಬಂದಿತು. ನಮ್ಮ ರಾಜ್ಯದಲ್ಲಿ ಮಕ್ಕಳು ಮರಳಿ ಅಂಗನವಾಡಿಗೆ ಬಂದದ್ದು 2021ರ ನವೆಂಬರ್ 8ರಂದು. ಮೂರು ವರ್ಷದ ಮಗುವಿಗೆ ಈ ಇಪ್ಪತ್ತು ತಿಂಗಳುಗಳು ಅದರ ಆಯುಷ್ಯದ ಅರ್ಧಕ್ಕಿಂತ ಹೆಚ್ಚು.

ಇನ್ನೊಂದು ವರ್ಗದವರನ್ನೂ ಇಲ್ಲಿ ನೆನೆಯಬೇಕು. ಪಟ್ಟಣಗಳ ಓಣಿಗಳಲ್ಲಿ ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಶಿಶುವಿಹಾರ ನಡೆಸುತ್ತಿದ್ದವರು, ಅಲ್ಲಿ ಪಾಠ ಹೇಳುತ್ತಿದ್ದ ಶಿಕ್ಷಕಿಯರು, ಮಕ್ಕಳ ಕೈಕಾಲು ತೊಳೆಯಿಸುತ್ತಿದ್ದ ಆಯಾಗಳು ಯಾವ ಕಡತದಲ್ಲಿಯೂ ಸರಿಯಾಗಿ ಲೆಕ್ಕಕ್ಕೆ ಸಿಗದವರು. ಮಕ್ಕಳು ಬಾರದಿದ್ದರೆ ಶುಲ್ಕವಿಲ್ಲ, ಶುಲ್ಕವಿಲ್ಲದಿದ್ದರೆ ಸಂಬಳವಿಲ್ಲ, ಕಟ್ಟಡದ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಹಲವು ಶಿಶುವಿಹಾರಗಳು ಮುಚ್ಚಿದವು ಮುಚ್ಚಿದಂತೆಯೇ ಉಳಿದವು. ತಂದೆತಾಯಂದಿರ ಕಷ್ಟವೂ ಸುಳ್ಳಲ್ಲ. ಅವರಲ್ಲಿಯೂ ಉದ್ಯೋಗ ಕಳೆದುಕೊಂಡವರಿದ್ದರು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರವು ಖಾಸಗಿ ಶಾಲೆಗಳು ಬೋಧನಾ ಶುಲ್ಕದ ಶೇಕಡಾ 70ನ್ನು ಮಾತ್ರ ಪಡೆಯಬೇಕೆಂದು ಆದೇಶಿಸಿತು. ಅದೇ ವರ್ಷ ಮೇ 3ರಂದು ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ಶಾಲೆಗಳ ಮೊಕದ್ದಮೆಯಲ್ಲಿ ಶೇಕಡಾ 15ರಷ್ಟು ರಿಯಾಯಿತಿ ಕೊಟ್ಟು ಉಳಿದುದನ್ನು ಪಡೆಯಬಹುದೆಂದು ತೀರ್ಪಿತ್ತಿತು. ಶೇಕಡಾವಾರು ಎಷ್ಟೆಂಬುದನ್ನು ಕಾನೂನು ನಿರ್ಣಯಿಸಬಲ್ಲುದು. ಆದರೆ ‘ನನ್ನ ಮಗು ಹೋಗಲಿಲ್ಲ, ಆದ್ದರಿಂದ ನಾನೇನೂ ಕೊಡಬೇಕಾಗಿಲ್ಲ’ ಎಂಬ ಮಾತು ಧರ್ಮವೋ ಅಲ್ಲವೋ ಎಂಬುದನ್ನು ನಿರ್ಣಯಿಸಬೇಕಾದುದು ನಮ್ಮ ಅಂತಃಸಾಕ್ಷಿ.

ಪೇಟೆಯ ನ್ಯಾಯದ ಪ್ರಕಾರ ಆ ಮಾತು ಸರಿ. ಸರಕು ಬಾರದಿದ್ದರೆ ಹಣ ಕೊಡುವವರಾರು? ಆದರೆ ಮಗುವನ್ನು ಕಾಯುವ ಕಾರ್ಯವು ದಿನದಿನಕ್ಕೆ ತೂಗಿ ಕೊಳ್ಳುವ ಸರಕಲ್ಲ. ನಾಳೆ ಬಾಗಿಲು ತೆರೆದಾಗ ಅದೇ ಶಿಕ್ಷಕಿ ಅಲ್ಲಿರಬೇಕು, ಮಗು ಅವಳ ಧ್ವನಿಯನ್ನು ಗುರುತಿಸಬೇಕು, ಅವಳ ಸೆರಗನ್ನು ಹಿಡಿದು ಅಳು ನಿಲ್ಲಿಸಬೇಕು ಎಂದು ನಾವು ಬಯಸುತ್ತೇವೆ. ನಡುವಿನ ತಿಂಗಳುಗಳಲ್ಲಿ ಅವಳು ಏನನ್ನು ಉಂಡು ಬದುಕಿರಬೇಕೆಂಬುದನ್ನು ಯೋಚಿಸದೆ ಹೀಗೆ ಬಯಸುವುದು, ಬೇಸಗೆಯಲ್ಲಿ ನೀರೆರೆಯದೆ ಮರದಲ್ಲಿ ಹಣ್ಣನ್ನು ನಿರೀಕ್ಷಿಸಿದಂತೆ. ಆದುದರಿಂದ ಕಷ್ಟಕಾಲದಲ್ಲಿ ಶಿಶುಪಾಲಕರಿಗೆ ಆಸರೆಯಾಗುವುದು ದಾನವಲ್ಲ, ಅದು ಋಣಸಂದಾಯ. ದಾನದಲ್ಲಿ ಕೊಡುವವನ ಇಚ್ಛೆಯೇ ಪ್ರಧಾನ. ಕೊಟ್ಟರೆ ಪುಣ್ಯ, ಕೊಡದಿದ್ದರೆ ದೋಷವಿಲ್ಲ. ಋಣದಲ್ಲಿ ಹಾಗಿಲ್ಲ. ಕೊಟ್ಟರೆ ಹೆಚ್ಚುಗಾರಿಕೆಯಿಲ್ಲ, ಕೊಡದಿದ್ದರೆ ಅಪರಾಧವುಂಟು.

ಇದಕ್ಕೆ ಮೂರು ಆಕ್ಷೇಪಗಳನ್ನು ಎತ್ತಬಹುದು. ಮೂರನ್ನೂ ಪರಿಶೀಲಿಸುವುದು ಯುಕ್ತ.

ಒಂದನೆಯದು, ‘ಇದು ಸೇವೆ, ಸೇವೆಗೆ ಬೆಲೆ ಕಟ್ಟಬಾರದು’ ಎಂಬುದು. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಸೇವೆಯನ್ನು ಪಡೆಯುವವರೇ ಹೊರತು ಮಾಡುವವರಲ್ಲ ಎಂಬುದು ಗಮನಾರ್ಹ. ನಮ್ಮ ಪರಂಪರೆಯ ಕಾಯಕ ತತ್ತ್ವವನ್ನೂ ಕೆಲವರು ಇದಕ್ಕೆ ಆಧಾರವಾಗಿ ತರುತ್ತಾರೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗ ವಾಚಕರಿಗೆಲ್ಲ ತಿಳಿದದ್ದೇ. ಇದನ್ನು ಹೇಳಿ ದುಡಿಯುವವರಿಗೆ ‘ಹೆಚ್ಚು ಕೇಳಬೇಡಿ’ ಎಂದು ಬೋಧಿಸುವುದು ವಾಡಿಕೆಯಾಗಿದೆ. ಆದರೆ ಸೂಕ್ಷ್ಮವಾಗಿ ನೋಡಿರಿ. ಇಷ್ಟು ಸಾಕೆಂಬ ಮಿತಿಯನ್ನು ಅಲ್ಲಿ ಹಾಕಿಕೊಂಡವರು ದುಡಿದವರೇ. ಕೊಡುವವರು ಅವರ ಮೇಲೆ ಹೇರಿದ ಮಿತಿಯಲ್ಲ ಅದು. ಅಲ್ಲದೆ ಆ ದಿನದ ಅಗತ್ಯಕ್ಕೆ ಬೇಕಾದಷ್ಟು ಅಕ್ಕಿ ಅವರಿಗೆ ದೊರೆತೇ ದೊರೆಯುತ್ತಿತ್ತು. ಹೆಚ್ಚಾದುದನ್ನು ಬೇಡವೆನ್ನುವ ವೈರಾಗ್ಯಕ್ಕೆ ಅರ್ಥ ಬರುವುದು ಬೇಕಾದಷ್ಟು ದೊರೆತ ಮೇಲೆ. ಬೇಕಾದಷ್ಟನ್ನೇ ಕೊಡದೆ ವೈರಾಗ್ಯವನ್ನು ಉಪದೇಶಿಸುವುದು ಕಾಯಕತತ್ತ್ವವಲ್ಲ, ಅದರ ದುರುಪಯೋಗ.

ಎರಡನೆಯ ಆಕ್ಷೇಪ ತಾತ್ತ್ವಿಕವಾದುದು. ಜರ್ಮನಿಯ ದಾರ್ಶನಿಕ ಇಮ್ಯಾನ್ಯುಯೆಲ್ ಕಾಂಟ್ 1785ರಲ್ಲಿ ಪ್ರಕಟವಾದ ತನ್ನ ನೀತಿಗ್ರಂಥದಲ್ಲಿ ಬೆಲೆಯುಳ್ಳದ್ದು ಬೇರೆ, ಘನತೆಯುಳ್ಳದ್ದು ಬೇರೆ ಎಂದು ವಿಂಗಡಿಸುತ್ತಾನೆ. ಬೆಲೆಯುಳ್ಳದ್ದರ ಸ್ಥಾನದಲ್ಲಿ ಸಮಾನವಾದ ಮತ್ತೊಂದನ್ನು ಇಡಬಹುದು. ಘನತೆಯುಳ್ಳದ್ದಕ್ಕೆ ಅಂಥ ಸಮಾನವಾದುದು ಯಾವುದೂ ಇಲ್ಲ. ಹಾಗಾದರೆ ಮಗುವಿನ ಪಾಲನೆಯಂಥ ಘನಕಾರ್ಯಕ್ಕೆ ಸಂಬಳ ಗೊತ್ತುಮಾಡಿದರೆ ಅದರ ಘನತೆ ಕುಂದುವುದಿಲ್ಲವೇ? ಕುಂದುವುದಿಲ್ಲ. ಏಕೆಂದರೆ ಸಂಬಳವು ವಾತ್ಸಲ್ಯದ ಬೆಲೆಯಲ್ಲ. ವಾತ್ಸಲ್ಯವನ್ನು ತೋರಬಲ್ಲ ಜೀವವು ಬದುಕಿರಲು ಬೇಕಾದ ಅನ್ನ, ಬಟ್ಟೆ, ಔಷಧಗಳ ಬೆಲೆ. ವಾತ್ಸಲ್ಯವು ಅಮೂಲ್ಯವೆಂದ ಮಾತ್ರಕ್ಕೆ ಅಂಗಡಿಯವನು ಅವಳಿಗೆ ಜೋಳವನ್ನು ಪುಕ್ಕಟೆಯಾಗಿ ಅಳೆದುಕೊಡುವುದಿಲ್ಲ. ನ್ಯಾಯಾಧೀಶರಿಗೂ ವೈದ್ಯರಿಗೂ ಉತ್ತಮ ವೇತನ ಕೊಡುವಾಗ ಅವರ ಘನತೆ ಕುಂದಿತೆಂದು ನಾವಾರೂ ಹೇಳಿದ್ದಿಲ್ಲ. ಹೆಣ್ಣುಮಕ್ಕಳು ಮಾಡುವ ಶಿಶುಪಾಲನೆಯ ವಿಷಯದಲ್ಲಿ ಮಾತ್ರ ಈ ಸಂದೇಹ ತಲೆಯೆತ್ತುವುದಾದರೆ ಅದರ ಮೂಲ ತತ್ತ್ವಶಾಸ್ತ್ರದಲ್ಲಿಲ್ಲ, ನಮ್ಮ ರೂಢಿಯಲ್ಲಿದೆ.

ಮೂರನೆಯದು, ‘ಬೊಕ್ಕಸದಲ್ಲಿ ಹಣವೆಲ್ಲಿದೆ?’ ಎಂಬ ವ್ಯಾವಹಾರಿಕ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಕಾರ್ಯಕರ್ತೆಯ ಗೌರವಧನವನ್ನು ತಿಂಗಳಿಗೆ 3,000 ರೂಪಾಯಿಗಳಿಂದ 4,500ಕ್ಕೂ, ಸಹಾಯಕಿಯದನ್ನು 1,500ರಿಂದ 2,250ಕ್ಕೂ ಏರಿಸಿತು. ಇದಕ್ಕೆ ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ. 2021ರ ಜೂನ್ ತಿಂಗಳಲ್ಲಿ, ಎರಡನೆಯ ಅಲೆಯ ನಡುವೆ, ನಮ್ಮ ರಾಜ್ಯ ಸರ್ಕಾರವು ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಒಂದು ಸಲಕ್ಕೆ ತಲಾ 2,000 ರೂಪಾಯಿಗಳ ನೆರವನ್ನು ಘೋಷಿಸಿತು. ಆ ಹೊತ್ತಿನಲ್ಲಿ ಅದೂ ಬೇಕಾಗಿತ್ತು. ಇತ್ತ ಸಿರಿವಂತ ದೇಶವಾದ ಅಮೆರಿಕವು 2021ರ ಮಾರ್ಚ್‌ನಲ್ಲಿ ಶಿಶುಪಾಲನಾ ಕೇಂದ್ರಗಳು ಮುಚ್ಚಿಹೋಗದಂತೆ ಕಾಪಾಡಲೆಂದೇ 2,400 ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಆ ಕೇಂದ್ರಗಳು ನಿಂತರೆ ತಾಯಂದಿರ ಉದ್ಯೋಗ ನಿಲ್ಲುವುದು, ಅದು ನಿಂತರೆ ದೇಶದ ದುಡಿಮೆಯೇ ಕುಂಟುವುದು ಎಂಬುದು ಅಲ್ಲಿಯವರಿಗೆ ಮನವರಿಕೆಯಾಗಿತ್ತು. ಆದರೆ 2023ರ ಸೆಪ್ಟೆಂಬರಿಗೆ ಆ ನಿಧಿಯ ಅವಧಿ ಮುಗಿಯಿತು. ಅದರ ಸ್ಥಾನದಲ್ಲಿ ಶಾಶ್ವತವಾದ ವ್ಯವಸ್ಥೆಯೊಂದು ಬರಲಿಲ್ಲ. ಭಯವಿರುವಷ್ಟು ಕಾಲ ಮಾತ್ರ ಉಪಕಾರಸ್ಮರಣೆ ಎಂಬುದು ಸಿರಿವಂತರಿಗೂ ಬಡವರಿಗೂ ಸಮಾನವಾದ ದೌರ್ಬಲ್ಯವೆಂದು ಇದರಿಂದ ತಿಳಿಯಬೇಕು. ಹಣದ ಕೊರತೆಗಿಂತ ನೆನಪಿನ ಕೊರತೆಯೇ ಇಲ್ಲಿ ದೊಡ್ಡದು.

ಕಾನೂನು ಈ ವಿಷಯದಲ್ಲಿ ನಿಧಾನವಾಗಿಯಾದರೂ ಹೆಜ್ಜೆಯಿಟ್ಟಿದೆ. 2006ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯನ್ನು ಹೊಂದಿದವರಲ್ಲವೆಂದು ಹೇಳಿತ್ತು. 2022ರ ಏಪ್ರಿಲ್ 25ರಂದು, ಗುಜರಾತಿನಿಂದ ಬಂದ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯವು ಅವರಿಗೂ ಸಹಾಯಕಿಯರಿಗೂ 1972ರ ಅಧಿನಿಯಮದಂತೆ ಉಪದಾನ, ಅಂದರೆ ಗ್ರಾಚ್ಯುಟಿ, ಸಲ್ಲತಕ್ಕದ್ದೆಂದು ತೀರ್ಪಿತ್ತಿತು. 2013ರ ಆಹಾರ ಭದ್ರತಾ ಅಧಿನಿಯಮವು ಅಂಗನವಾಡಿಯ ಕಾರ್ಯವನ್ನು ಶಾಸನಬದ್ಧ ಕರ್ತವ್ಯವನ್ನಾಗಿ ಮಾಡಿದೆ. ಇಷ್ಟು ಹೊಣೆ ಹೊತ್ತವರ ಕೆಲಸವನ್ನು ಅರೆಕಾಲಿಕವೆಂದು ಕರೆಯಲಾಗದು ಎಂಬುದು ಅದರ ತಾತ್ಪರ್ಯ. ಆದರೂ ಆ ಹಕ್ಕನ್ನು ಜಾರಿಗೆ ತರಬೇಕೆಂದು 2023ರ ಜನವರಿಯ ಚಳಿಯಲ್ಲಿ ಈ ಹೆಣ್ಣುಮಕ್ಕಳು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂಡಬೇಕಾಯಿತು. ಪರರ ಮಕ್ಕಳನ್ನು ಮಲಗಿಸುವವರು ತಾವು ಬೀದಿಯಲ್ಲಿ ಮಲಗಿ ನ್ಯಾಯ ಕೇಳಬೇಕಾದುದು ಸಮಾಜಕ್ಕೆ ಶೋಭೆ ತರುವ ವಿಷಯವಲ್ಲ.

ಪ್ರಿಯ ಓದುಗರೇ, ಇದೆಲ್ಲ ಸರ್ಕಾರದ ಹೊಣೆಯೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಿಮ್ಮಲ್ಲಿ ಹಲವರು ವಿದ್ಯಾಸಂಸ್ಥೆಗಳ ಆಡಳಿತದಲ್ಲಿದ್ದೀರಿ, ಕೆಲವರು ಗ್ರಾಮ ಪಂಚಾಯಿತಿಗಳಲ್ಲಿದ್ದೀರಿ, ಎಲ್ಲರೂ ಒಂದಲ್ಲ ಒಂದು ಮಗುವಿನ ಹಿರಿಯರಾಗಿದ್ದೀರಿ. ಮಠಗಳು ನಡೆಸುವ ಶಿಶುವಿಹಾರಗಳೂ ಈ ವಿಚಾರಣೆಗೆ ಹೊರತಲ್ಲ. ‘ಮಠದ ಸೇವೆ’ ಎಂಬ ಹೆಸರಿನಲ್ಲಿ ಶಿಕ್ಷಕಿಯರಿಗೆ ಅಲ್ಪವೇತನ ಕೊಡುವುದು ಎಲ್ಲಿಯೂ ಧರ್ಮವೆನಿಸದು. ಪ್ರತಿಯೊಂದು ಸಂಸ್ಥೆಯೂ ಒಳ್ಳೆಯ ದಿನಗಳಲ್ಲಿ ಬಂದ ಆದಾಯದ ಒಂದಂಶವನ್ನು ಆಪತ್ಕಾಲದ ನಿಧಿಯಾಗಿ ಕೂಡಿಡಲಿ. ಬಾಗಿಲು ಮುಚ್ಚುವ ಪ್ರಸಂಗ ಬಂದರೆ ಮೊದಲು ಆಯಾಗಳ, ಬಳಿಕ ಶಿಕ್ಷಕಿಯರ, ಕಟ್ಟಕಡೆಗೆ ಆಡಳಿತದ ವೆಚ್ಚವನ್ನು ಅದರಿಂದ ಭರಿಸಲಿ. ಅನುಕೂಲವುಳ್ಳ ಪೋಷಕರು ಅಂಥ ಕಾಲದಲ್ಲಿ ಶುಲ್ಕವನ್ನು ನಿಲ್ಲಿಸದಿರಲಿ. ಹಾಗಾದರೆ ಅನುಕೂಲವಿಲ್ಲದವರಿಗೆ ರಿಯಾಯಿತಿ ಕೊಡಲು ಸಂಸ್ಥೆಗೆ ಶಕ್ತಿ ಬರುವುದು. ನಿಮ್ಮೂರ ಅಂಗನವಾಡಿಗೆ ಸ್ವಂತ ಕಟ್ಟಡವಿದೆಯೇ, ನೀರು ಬರುತ್ತದೆಯೇ, ಶೌಚಾಲಯಕ್ಕೆ ಬಾಗಿಲಿದೆಯೇ ಎಂದು ಒಮ್ಮೆ ಹೋಗಿ ನೋಡಿರಿ. ಗೌರವಧನ ತಿಂಗಳಿಗೆ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿರಿ. ಬಾರದಿದ್ದರೆ ಅವರ ಪರವಾಗಿ ತಾಲ್ಲೂಕು ಕಚೇರಿಗೆ ಬರೆಯುವ ಕೆಲಸ ನಿಮ್ಮದಾಗಲಿ. ಉತ್ತರದ ಕಡೆ ‘ಅಕ್ಕೋರು’ ಎಂದೂ ದಕ್ಷಿಣದ ಕಡೆ ‘ಟೀಚರಮ್ಮ’ ಎಂದೂ ಮಕ್ಕಳು ಅವರನ್ನು ಕರೆಯುತ್ತಾರೆ. ಮಕ್ಕಳಿಗೆ ತಿಳಿದ ಮರ್ಯಾದೆಯನ್ನು ಹಿರಿಯರು ಕಲಿಯುವುದರಲ್ಲಿ ಅವಮಾನವೇನೂ ಇಲ್ಲ.

ಗೌರವಧನ ಎಂಬ ಪದದಲ್ಲಿ ಎರಡು ಭಾಗಗಳಿವೆ. ಧನವನ್ನು ಕಡಿಮೆ ಮಾಡಿ ಗೌರವದಿಂದ ಅದನ್ನು ತುಂಬಿದ್ದೇವೆಂದು ಇಷ್ಟು ಕಾಲ ನಾವು ಸಮಾಧಾನಪಟ್ಟುಕೊಂಡೆವು. ಸಾಲದ ಧನವನ್ನು ಗೌರವವು ತುಂಬಲಾರದು. ಇಲ್ಲದ ಗೌರವವನ್ನು ಧನವೂ ತುಂಬಲಾರದು. ಎರಡನ್ನೂ ಅವುಗಳ ಪ್ರಮಾಣದಲ್ಲಿ ಸಲ್ಲಿಸಿದಾಗಲೇ ಋಣವು ತೀರಲು ತೊಡಗುವುದು. ಮತ್ತೊಂದು ಮಹಾಮಾರಿ ಬಾರದಿರಲೆಂಬುದು ನಮ್ಮೆಲ್ಲರ ಹಾರೈಕೆ. ಬಂದರೆ, ಆಗಲೂ ಮೊದಲು ನಮ್ಮ ಹೊಸ್ತಿಲಿಗೆ ಬಂದು ‘ಮಗು ಹೇಗಿದೆ?’ ಎಂದು ಕೇಳುವವರು ಇವರೇ. ಇವರು ಹೇಗಿದ್ದಾರೆಂದು ಇಂದೇ ಕೇಳುವುದು ನಮ್ಮ ಕರ್ತವ್ಯ.

ಸರ್ವರಿಗೂ ಸನ್ಮಂಗಳವಾಗಲಿ.