ಲೆಕ್ಕಕ್ಕೆ ಸಿಗದವಳು

ಹಾಸನದ ಬಸ್ಸಿನಲ್ಲಿ ಜೊತೆಯಾದ ಅಧ್ಯಾಪಕ ಗೆಳೆಯರೊಬ್ಬರು ದಾರಿಯುದ್ದಕ್ಕೂ ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡುತ್ತಿದ್ದರು. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಕಾಲೇಜುಗಳನ್ನು ಅಳೆಯುವಾಗ, ಪದವೀಧರರಲ್ಲಿ ಎಷ್ಟು ಮಂದಿ ನೌಕರಿಗೆ ಸೇರಿದರು, ಎಷ್ಟು ಮಂದಿ ಮೇಲಿನ ಓದಿಗೆ ಹೋದರು ಎಂದು ಕೇಳುತ್ತ ಬಂದಿದೆ. ಅರಕಲಗೂಡಿನ ಹುಡುಗಿಯೊಬ್ಬಳು ಎರಡೂ ಇಲ್ಲವೆಂದಳು. ಮದುವೆಯಾಗಿದೆ, ಸಂಜೆ ಮೊಹಲ್ಲಾದ ಮಕ್ಕಳಿಗೆ ಪುಕ್ಕಟೆಯಾಗಿ ಗಣಿತ ಹೇಳಿಕೊಡುತ್ತಾಳೆ. ಗೆಳೆಯರು ಅವಳ ಹೆಸರಿನ ಮುಂದೆ ಗೀಟೆಳೆದರು.

ಓದಿಗೆ ಸಂಬಳದ ಚೀಟಿಯೊಂದೇ ಸಾಕ್ಷಿಯೇ? ಹಾಗೆಂದು ಅವಳ ಸೇವೆಯನ್ನು ಹೊಗಳಿ ಸುಮ್ಮನಾಗುವುದೂ ಮೋಸವೇ. ನೌಕರಿ ಅವಳಿಗೇ ಬೇಡವಾಗಿತ್ತೋ, ಮನೆಯವರು ಹಾಸನಕ್ಕೆ ಕಳಿಸಲಿಲ್ಲವೋ, ಯಾರೂ ಕೇಳಲಿಲ್ಲ. 'ಓದಿದ ಮೇಲೆ ನಿನ್ನ ಬದುಕನ್ನು ನೀನೇ ಆರಿಸಿಕೊಳ್ಳಲು ಸಾಧ್ಯವಾಯಿತೇ ಮಗಳೇ?' ಎಂದು ಕಾಲೇಜು ಕೇಳಬೇಕಿತ್ತು. 'ಇಲ್ಲ' ಎಂದರೆ ಆ ಸೋಲು ಅವಳೊಬ್ಬಳದಲ್ಲ. ಕಲಿಸಿದವರದೂ ಹೌದು, ನಮ್ಮ ಮನೆಗಳದೂ ಹೌದು.