ಹೆಗಲು ಕೊಡುವುದು ಎಲ್ಲಿಯವರೆಗೆ?

ಗೆಳೆಯನಿಗೆ ಹೆಗಲು ಕೊಡಬೇಕು ಎಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಕಷ್ಟದಲ್ಲಿ ಕೈಹಿಡಿಯದವನು ಎಂಥ ಗೆಳೆಯ ಎಂದು ನಾವೆಲ್ಲ ಕೇಳುತ್ತೇವೆ. ಆದರೆ ಆ ಹೆಗಲನ್ನು ಎಲ್ಲಿಯವರೆಗೆ ಕೊಡಬೇಕು ಎಂದರೆ ಉತ್ತರ ಅಷ್ಟು ಸುಲಭವಲ್ಲ. ಶಾಲೆಯ ಮಗುವಿನ ಪ್ರಾಜೆಕ್ಟನ್ನು ಹೆತ್ತವರೇ ರಾತ್ರಿ ಕುಳಿತು ಮಾಡಿ ಮುಗಿಸುತ್ತಾರೆ. ಪರೀಕ್ಷೆಯ ಕೋಣೆಯಲ್ಲಿ ಸ್ನೇಹಿತ ತನ್ನ ಉತ್ತರಪತ್ರಿಕೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಡುತ್ತಾನೆ. ಸಂದರ್ಶನಕ್ಕೆ ಹೋಗುವ ತಮ್ಮನ ಪರವಾಗಿ ಅಣ್ಣ ಯಾರಿಗೋ ಒಂದು ಫೋನ್ ಮಾಡುತ್ತಾನೆ. ಇವೆಲ್ಲ ಪ್ರೀತಿಯಿಂದಲೇ ಆಗುವ ಕೆಲಸಗಳು. ಆದರೆ ಇದರಿಂದ ನೆರವು ಪಡೆದವನು ಬೆಳೆದನೇ? ಅಥವಾ ಅವನು ಮಾಡಬೇಕಾದುದನ್ನು ನಾವೇ ಅವನಿಂದ ಕಸಿದುಕೊಂಡೆವೇ?

ನೀತಿಗ್ರಂಥಗಳಲ್ಲಿ ಚರ್ಚೆಯಾಗುವ ಈ ಪ್ರಶ್ನೆಯನ್ನು ಒಂದು ಆಟ ತನ್ನದೇ ರೀತಿಯಲ್ಲಿ ಬಿಡಿಸಿಟ್ಟಿದೆ. ನಮ್ಮಲ್ಲಿ ಹೆಚ್ಚಿನವರು ಹೆಸರನ್ನೂ ಕೇಳಿರದ ಆ ಆಟ ಸೈಕ್ಲೋಕ್ರಾಸ್. ಅದರ ತಾರೆಗಳಿಗಿಂತಲೂ, ವಾರವಿಡೀ ದುಡಿದು ಶನಿವಾರ ಮತ್ತು ಭಾನುವಾರ ಸೈಕಲ್ ಏರುವ ಅದರ ಹವ್ಯಾಸಿಗಳಿಂದ ನಾವು ಕಲಿಯುವುದು ಹೆಚ್ಚು.

ಕೆಸರಿನ ಆಟ

ಸೈಕ್ಲೋಕ್ರಾಸ್ ಹುಟ್ಟಿದ್ದು ಯುರೋಪಿನಲ್ಲಿ. ಫ್ರಾನ್ಸಿನಲ್ಲಿ ಡೇನಿಯಲ್ ಗೂಸೋ ಎಂಬ ಸೈನಿಕ 1902ರಲ್ಲಿ ಇದರ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿದ. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1950ರಲ್ಲಿ, ಪ್ಯಾರಿಸ್‌ನಲ್ಲಿ. ಇಂದು ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ ಇದು ಜನಪ್ರಿಯ ಚಳಿಗಾಲದ ಆಟ. ಅಮೆರಿಕದಲ್ಲೂ ಇದಕ್ಕೆ ಸಾವಿರಾರು ಹವ್ಯಾಸಿಗಳಿದ್ದಾರೆ. ಅಲ್ಲಿನ ಲೂಯಿವಿಲ್ ನಗರದಲ್ಲಿ 2013ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ಯುರೋಪಿನ ಹೊರಗೆ ನಡೆಯಿತು. ಓಹಾಯೋ ನದಿಯ ನೆರೆ ಏರುತ್ತಿದ್ದುದರಿಂದ ಎರಡು ದಿನದ ಸ್ಪರ್ಧೆಗಳನ್ನು ಒಂದೇ ದಿನದಲ್ಲಿ ಮುಗಿಸಬೇಕಾಯಿತು.

ಆಟದ ರೀತಿ ಸರಳ. ಉದ್ಯಾನದಲ್ಲೋ ಹೊಲದಲ್ಲೋ ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತು. ಅದರಲ್ಲಿ ಹುಲ್ಲು, ಮರಳು, ಕೆಸರು, ಕಡಿದಾದ ಏರು. ಅಡ್ಡಲಾಗಿ ಸುಮಾರು 40 ಸೆಂಟಿಮೀಟರ್ ಎತ್ತರದ ಹಲಗೆಗಳು. ಹಲಗೆ ಬಂದಾಗ ಹೆಚ್ಚಿನವರು ಇಳಿದು, ಸೈಕಲನ್ನು ಎತ್ತಿಕೊಂಡು ದಾಟುತ್ತಾರೆ. ಏರಿನಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಓಡುತ್ತಾರೆ. ಹವ್ಯಾಸಿಗಳಿಗೆ ಇದು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯ ಕೆಲಸ. ಆದರೆ ಅಷ್ಟರಲ್ಲೇ ಉಸಿರು ಬಾಯಿಗೆ ಬರುತ್ತದೆ.

ರಸ್ತೆಯ ಸೈಕಲ್ ಓಟದಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆಯಾಗುತ್ತದೆ. ಆದ್ದರಿಂದ ಅಲ್ಲಿ ತಂಡಕ್ಕೆ ದೊಡ್ಡ ಬೆಲೆ. ಕೆಸರಿನಲ್ಲಿ ವೇಗವೇ ಕಡಿಮೆ, ಆ ಲಾಭವೂ ಕಡಿಮೆ. ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರು ಗೆಳೆಯರು ಒಂದೇ ಸ್ಪರ್ಧೆಯಲ್ಲಿದ್ದರೆ ಅವರು ಪರಸ್ಪರ ಎದುರಾಳಿಗಳೇ. ಹಾಗಾದರೆ ಇಲ್ಲಿ ತಂಡ ಎಂಬುದಕ್ಕೆ ಏನು ಅರ್ಥ?

ಗೆರೆಯ ಒಳಗೆ, ಗೆರೆಯ ಹೊರಗೆ

ಉತ್ತರ ಇರುವುದು ಪಿಟ್ ಎಂದು ಕರೆಯಲಾಗುವ ಒಂದು ಚಿಕ್ಕ ಜಾಗದಲ್ಲಿ. ಓಟದ ದಾರಿಯ ಪಕ್ಕದಲ್ಲಿ ಗುರುತು ಹಾಕಿ ಬಿಟ್ಟಿರುವ ತುಂಡು ನೆಲ ಅದು. ಸಾಮಾನ್ಯವಾಗಿ ಪ್ರತಿ ಸುತ್ತಿನಲ್ಲಿ ಓಟಗಾರ ಅದರ ಬಳಿ ಎರಡು ಸಲ ಹಾದುಹೋಗುತ್ತಾನೆ. ಚಕ್ರ ಪಂಕ್ಚರ್ ಆದರೆ, ಚೈನ್ ತುಂಡಾದರೆ, ಕೆಸರು ಮೆತ್ತಿ ಗೇರ್ ಕೆಲಸ ಮಾಡದಿದ್ದರೆ ಆತ ಅಲ್ಲಿಗೆ ಬರಬೇಕು. ಅಲ್ಲಿ ಅವನ ಸಂಗಾತಿ ಇನ್ನೊಂದು ಸೈಕಲ್ ಹಿಡಿದು ನಿಂತಿರುತ್ತಾನೆ. ಕೆಲವೇ ಕ್ಷಣಗಳಲ್ಲಿ ಸೈಕಲ್ ಬದಲಾಗುತ್ತದೆ. ಓಟಗಾರ ಹೊರಟ ಮೇಲೆ ಸಂಗಾತಿ ಕೆಸರಾದ ಸೈಕಲನ್ನು ತೊಳೆದು, ಎಣ್ಣೆ ಬಿಟ್ಟು, ಮತ್ತೆ ಸಿದ್ಧ ಮಾಡಿ ಕಾಯುತ್ತಾನೆ.

ಆದರೆ ಈ ನೆರವು ಆ ಗೆರೆಯ ಒಳಗೆ ಮಾತ್ರ. ಪಿಟ್ ದಾಟಿ ನೂರು ಮೀಟರ್ ಹೋದ ಮೇಲೆ ಚಕ್ರದ ಗಾಳಿ ಹೋದರೆ ಹಿಂದಕ್ಕೆ ಬರುವಂತಿಲ್ಲ. ಸಂಗಾತಿ ಸೈಕಲ್ ಹಿಡಿದು ಅವನಿದ್ದಲ್ಲಿಗೆ ಓಡುವಂತೆಯೂ ಇಲ್ಲ. ಓಟಗಾರ ಕೆಟ್ಟ ಸೈಕಲನ್ನು ಹೆಗಲಿಗೇರಿಸಿ, ಕೆಸರಿನಲ್ಲಿ ಕಾಲೆಳೆದುಕೊಂಡು, ಮುಂದಿನ ಪಿಟ್ ತನಕ ತಾನೇ ಹೋಗಬೇಕು. ಗೆಳೆಯ ಬೇಲಿಯಾಚೆ ನಿಂತು ಕೂಗಿ ಹುರಿದುಂಬಿಸಬಹುದು. ಆದರೆ ಮುಟ್ಟುವಂತಿಲ್ಲ.

ಮೊದಲ ನೋಟಕ್ಕೆ ಇದು ಕ್ರೂರ ನಿಯಮದಂತೆ ಕಾಣುತ್ತದೆ. ಸ್ವಲ್ಪ ಯೋಚಿಸಿದರೆ ಇದರ ಹಿಂದಿನ ವಿವೇಕ ತಿಳಿಯುತ್ತದೆ. ಸೈಕಲ್ ಕೆಟ್ಟರೆ ಅದು ಮನುಷ್ಯನ ಸೋಲಲ್ಲ, ಆದ್ದರಿಂದ ಅದಕ್ಕೆ ಪರಿಹಾರವಿದೆ. ಆದರೆ ದಾರಿಯನ್ನು ಕ್ರಮಿಸಬೇಕಾದವನು ಓಟಗಾರನೇ. ಗೆಳೆಯ ಬಂದು ಆ ದಾರಿಯನ್ನೂ ಕಡಿಮೆ ಮಾಡಿಕೊಟ್ಟರೆ, ಕೊನೆಗೆ ಗುರಿ ಮುಟ್ಟಿದ್ದು ಯಾರು? ಅವನೋ, ಅವನ ಗೆಳೆಯನೋ? ಒಬ್ಬನ ಕೈಗೆ ಬೇಕಾದ ಸಾಧನವನ್ನು ಕೊಡುವುದು ನೆರವು. ಅವನ ಕೆಲಸವನ್ನೇ ನಾವು ಮಾಡಿಬಿಟ್ಟರೆ ಅವನಿಗೆ ಉಳಿಯುವುದು ಹೆಸರು ಮಾತ್ರ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಗೆಳೆಯನಿಗಾಗಿ ಸರ್ವಸ್ವವನ್ನೂ ಬಿಟ್ಟುಕೊಟ್ಟವರನ್ನು ನಾವು ಕೊಂಡಾಡುವುದಿಲ್ಲವೇ? ಸೈಕಲ್ ಓಟದ ಇತಿಹಾಸದಲ್ಲೇ ಅದಕ್ಕೆ ಪ್ರಸಿದ್ಧ ಉದಾಹರಣೆಯಿದೆ. 1934ರ ಟೂರ್ ಡಿ ಫ್ರಾನ್ಸ್‌ನಲ್ಲಿ ಯುವಕ ರೆನೆ ವಿಯೆಟ್ಟೊ ತನ್ನ ನಾಯಕ ಆಂಟೊನಿನ್ ಮಾಗ್ನ್‌ಗೆ ತನ್ನ ಚಕ್ರವನ್ನೇ ಬಿಚ್ಚಿಕೊಟ್ಟ. ಮರುದಿನ ಬೆಟ್ಟದ ದಾರಿಯಲ್ಲಿ ಹಿಂದಕ್ಕೆ ತಿರುಗಿ ಹೋಗಿ ತನ್ನ ಸೈಕಲನ್ನೂ ಕೊಟ್ಟ. ಆ ವರ್ಷ ಗೆದ್ದವನು ಮಾಗ್ನ್. ಆದರೆ ಕಲ್ಲಿನ ಗೋಡೆಯ ಮೇಲೆ ಕುಳಿತು ಅಳುತ್ತಿದ್ದ ವಿಯೆಟ್ಟೊನ ಚಿತ್ರವನ್ನು ಫ್ರಾನ್ಸ್ ಮರೆಯಲಿಲ್ಲ.

ಆ ತ್ಯಾಗವನ್ನು ಸಣ್ಣದು ಎನ್ನುವ ಹಕ್ಕು ನಮಗಿಲ್ಲ. ಆದರೆ ವ್ಯತ್ಯಾಸವನ್ನು ಗಮನಿಸಬೇಕು. ರಸ್ತೆಯ ಓಟದಲ್ಲಿ ಗೆಲುವು ಇಡೀ ತಂಡದ್ದು, ಅದನ್ನು ಹೊತ್ತು ತರುವವನು ನಾಯಕ. ಅಲ್ಲಿ ಒಬ್ಬನ ಚಕ್ರ ಇನ್ನೊಬ್ಬನಿಗೆ ಹೋಗುವುದು ಆಟದ ಧರ್ಮದೊಳಗಿನ ಮಾತು. ಹವ್ಯಾಸಿಯ ಸೈಕ್ಲೋಕ್ರಾಸ್‌ನಲ್ಲಿ ಪ್ರತಿಯೊಬ್ಬನೂ ತನ್ನ ಮಿತಿಯನ್ನು ತಾನೇ ಅಳೆಯಲು ಬಂದಿರುತ್ತಾನೆ. ಮನೆ ಕಟ್ಟುವಾಗ ಇನ್ನೊಬ್ಬರು ಕಲ್ಲು ಹೊತ್ತರೆ ತಪ್ಪಿಲ್ಲ, ಈಜು ಕಲಿಯುವವನ ಬದಲು ಇನ್ನೊಬ್ಬ ಈಜಿದರೆ ಪ್ರಯೋಜನವಿಲ್ಲ. ಯಾವ ಕೆಲಸ ಯಾವ ಬಗೆಯದು ಎಂದು ತಿಳಿಯದೆ ಕೊಡುವ ನೆರವು ಎಷ್ಟು ದೊಡ್ಡದಾದರೂ ದಾರಿ ತಪ್ಪುತ್ತದೆ.

ವೇಗ ತಗ್ಗಿಸುವುದು ದಯೆಯೇ?

ವಾರಾಂತ್ಯದ ಸ್ಪರ್ಧೆಗಳಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಬೇರೆ ಬೇರೆ ವರ್ಗಗಳ ಓಟ ನಡೆಯುತ್ತದೆ. ಹೊಸಬರು, ಮಕ್ಕಳು, ಮಹಿಳೆಯರು, ನಲವತ್ತು ದಾಟಿದವರು, ಐವತ್ತು ದಾಟಿದವರು, ಕೊನೆಗೆ ಪಳಗಿದವರು. ಹೀಗಾಗಿ ಒಂಬತ್ತು ಗಂಟೆಗೆ ಓಡಿದವನು ಹನ್ನೊಂದಕ್ಕೆ ಗೆಳೆಯನ ಪಿಟ್‌ನಲ್ಲಿ ನಿಲ್ಲಬಹುದು. ಈಗಷ್ಟೇ ಬೆವರಿದ ಮೈ ಚಳಿಗಾಳಿಗೆ ನಡುಗುತ್ತಿರುತ್ತದೆ, ಕಾಲು ಸೋತಿರುತ್ತದೆ. ಆದರೂ ನೀರಿನ ಪೈಪ್ ಹಿಡಿದು ಇನ್ನೊಬ್ಬನ ಸೈಕಲ್ ತೊಳೆಯುತ್ತಾನೆ. ಎಷ್ಟೋ ಸಲ ಹವ್ಯಾಸಿಗೆ ಎರಡನೇ ಸೈಕಲ್ ಇರುವುದಿಲ್ಲ. ಆಗ ಗೆಳೆಯ ತನ್ನದನ್ನೇ ಪಿಟ್‌ನಲ್ಲಿ ಇಡುತ್ತಾನೆ, ಸೀಟಿನ ಎತ್ತರ ಸ್ವಲ್ಪ ಹೆಚ್ಚುಕಡಿಮೆಯಾದರೂ ಸರಿ. ತನ್ನ ಓಟಕ್ಕೆ ಮುನ್ನ ಅದು ಕೆಸರಾದರೂ, ಪೆಟ್ಟು ತಿಂದರೂ ಆಗಲಿ ಎಂದು ಒಪ್ಪಿಕೊಳ್ಳುತ್ತಾನೆ. ಭಾನುವಾರ ಬೆಳಗ್ಗೆ ಮತ್ತೆ ಅದೇ ನೋಯುವ ಕಾಲು, ಅದೇ ಕೆಸರು, ಅದೇ ಸರದಿ.

ಅದೇ ಇಬ್ಬರು ಒಂದೇ ವರ್ಗದಲ್ಲಿ ಎದುರುಬದುರಾದರೆ? ಮುಂದಿದ್ದವನು ಗೆಳೆಯನಿಗಾಗಿ ವೇಗ ತಗ್ಗಿಸಬೇಕೇ? ತಗ್ಗಿಸಿದರೆ ಅದು ಔದಾರ್ಯದಂತೆ ಕಾಣಬಹುದು. ಆದರೆ ಅದರ ಒಳಗಿನ ಮಾತು ಬೇರೆ. "ನೀನು ನನ್ನನ್ನು ನಿಜವಾಗಿ ಹಿಡಿಯಲಾರೆ, ಆದ್ದರಿಂದ ನಾನೇ ನಿನಗೆ ಬಿಟ್ಟುಕೊಡುತ್ತೇನೆ" ಎಂದು ಅದು ಹೇಳುತ್ತದೆ. ಹೀಗೆ ಸಿಕ್ಕ ಸ್ಥಾನದಲ್ಲಿ ಮಾನವಿಲ್ಲ. ಅದು ತಿಳಿದ ದಿನ ಗೆಳೆತನದಲ್ಲೂ ಬಿರುಕು ಬರುತ್ತದೆ. ಇಂಗ್ಲಿಷಿನಲ್ಲಿ ಸ್ಪರ್ಧೆಗೆ ಹೇಳುವ ಮಾತಿನ ಲ್ಯಾಟಿನ್ ಮೂಲಕ್ಕೆ ‘ಒಟ್ಟಿಗೆ ಅರಸುವುದು’ ಎಂಬ ಅರ್ಥವಿದೆ. ಎದುರಾಳಿ ತನ್ನ ಪೂರ್ಣ ಶಕ್ತಿಯಿಂದ ಓಡಿದಾಗಲೇ ನನ್ನ ಶಕ್ತಿ ಎಷ್ಟೆಂದು ನನಗೆ ತಿಳಿಯುತ್ತದೆ. ಆದ್ದರಿಂದ ಗೆಳೆಯನನ್ನು ಪ್ರಾಮಾಣಿಕವಾಗಿ ಹಿಂದಿಕ್ಕುವುದೂ ಅವನಿಗೆ ತೋರುವ ಗೌರವವೇ.

ಇದಕ್ಕೆ ಒಂದು ಅಪವಾದವಿದೆ, ಅದು ಆಟಕ್ಕಿಂತ ದೊಡ್ಡದು. ಬಿದ್ದವನಿಗೆ ನಿಜವಾಗಿ ಪೆಟ್ಟಾಗಿದ್ದರೆ, ಅವನು ಏಳದಿದ್ದರೆ, ಅಲ್ಲಿ ಸ್ಥಾನದ ಲೆಕ್ಕವಿಲ್ಲ. ಕೆಟ್ಟ ಸೈಕಲ್‌ಗೆ ಪಿಟ್ ಇದೆ. ಗಾಯಗೊಂಡ ಮನುಷ್ಯನಿಗೆ ಯಾವ ಗೆರೆಯೂ ಅಡ್ಡಬರಬಾರದು. ಕಷ್ಟ ಮತ್ತು ಅಪಾಯ ಎರಡೂ ಒಂದೇ ಅಲ್ಲ ಎಂಬ ವಿವೇಚನೆ ಇಲ್ಲದಿದ್ದರೆ ನಿಯಮಪಾಲನೆಯೂ ಕಲ್ಲುಹೃದಯವಾಗುತ್ತದೆ.

ಗೆಳೆತನದ ನೆಪ

ನೆರವಿನ ಗೆರೆ ಅಳಿಸಿದರೆ ಏನಾಗುತ್ತದೆ ಎಂಬುದನ್ನು ಈ ಆಟ 2016ರಲ್ಲಿ ಕಂಡಿತು. ಬೆಲ್ಜಿಯಂನ ಜೋಲ್ಡರ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ 19 ವರ್ಷದ ಫೆಮ್ಕೆ ವಾನ್ ಡೆನ್ ಡ್ರೀಶೆ ಎಂಬ ಆಟಗಾರ್ತಿಗೆ ಸಿದ್ಧವಾಗಿಟ್ಟಿದ್ದ ಒಂದು ಸೈಕಲ್‌ನೊಳಗೆ ಅಡಗಿಸಿಟ್ಟ ಮೋಟಾರು ಪತ್ತೆಯಾಯಿತು. ಆ ಸೈಕಲ್ ತನ್ನದಲ್ಲ, ಗೆಳೆಯನದು, ತಪ್ಪಿ ಅಲ್ಲಿಗೆ ಬಂದಿದೆ ಎಂದು ಆಕೆ ಹೇಳಿದಳು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಆಕೆಗೆ ಆರು ವರ್ಷಗಳ ನಿಷೇಧ ವಿಧಿಸಿತು. ಪಿಟ್ ಇರುವುದು ಕೆಟ್ಟ ಸೈಕಲ್ ಬದಲಿಸಲು. ಕಾಲಿನ ಕೆಲಸವನ್ನು ಯಂತ್ರಕ್ಕೆ ವಹಿಸಿದರೆ ಆಗ ಓಡುವವನೇ ಬದಲಾಗುತ್ತಾನೆ.

ಹವ್ಯಾಸಿಗಳಲ್ಲಿ ಇಷ್ಟು ದೊಡ್ಡ ಮೋಸ ವಿರಳ. ಆದರೆ ಸಣ್ಣದೊಂದು ಇದೆ. ಅಮೆರಿಕದಲ್ಲಿ ಸ್ಪರ್ಧಿಗಳನ್ನು ಸಾಮರ್ಥ್ಯದ ಪ್ರಕಾರ ಐದರಿಂದ ಒಂದರವರೆಗೆ ವರ್ಗ ಮಾಡುತ್ತಾರೆ. ಸಾಕಷ್ಟು ಪಳಗಿದ ಮೇಲೂ ಮೇಲಿನ ವರ್ಗಕ್ಕೆ ಹೋಗದೆ, ಹೊಸಬರ ನಡುವೆ ಗೆಲ್ಲುತ್ತಲೇ ಇರುವವರಿದ್ದಾರೆ. ಇದನ್ನು ಅಲ್ಲಿ ಸ್ಯಾಂಡ್‌ಬ್ಯಾಗಿಂಗ್ ಎಂದು ಹಂಗಿಸುತ್ತಾರೆ. ಹಲವು ಸಲ ಇದು ನಿಯಮದ ಅಕ್ಷರವನ್ನು ಮೀರುವುದಿಲ್ಲ. ಹಾಗಾಗಿ ಇದನ್ನು ಹೇಳಬೇಕಾದವನು ತೀರ್ಪುಗಾರನಿಗಿಂತ ಮೊದಲು ಗೆಳೆಯ. "ನೀನು ಇಲ್ಲಿ ಗೆಲ್ಲುವುದು ಸಾಕು, ಮೇಲೆ ಹೋಗಿ ಸೋಲು" ಎನ್ನುವ ಧೈರ್ಯ ತಂಡದವರಿಗೆ ಇರಬೇಕು. ಬೆನ್ನು ತಟ್ಟುವುದಷ್ಟೇ ಸ್ನೇಹವಲ್ಲ.

ಒಂಟಿಯಾಗಿ ಬಂದವನು

ಇನ್ನೊಂದು ಪ್ರಶ್ನೆ ಉಳಿಯಿತು. ಎರಡು ಸೈಕಲ್, ತೊಳೆಯಲು ಇಬ್ಬರು ಸಂಗಾತಿಗಳು ಇರುವವನಿಗೂ, ಒಂದೇ ಸೈಕಲ್ ಹಿಡಿದು ಒಂಟಿಯಾಗಿ ಬಂದವನಿಗೂ ಸಮಾನತೆ ಎಲ್ಲಿದೆ? ನಿಯಮದಲ್ಲಿ ಇದಕ್ಕೆ ಪೂರ್ತಿ ಉತ್ತರವಿಲ್ಲ. ಉತ್ತರ ಸಿಗಬೇಕಾದದ್ದು ಪಿಟ್‌ನಲ್ಲಿ ನಿಂತವರ ಮನಸ್ಸಿನಲ್ಲಿ. ಯಾರೂ ಇಲ್ಲದವನು ಚಕ್ರ ಒಡೆದುಕೊಂಡು ಬಂದಾಗ ಬೇರೆ ತಂಡದವನು ಮುಂದೆ ಬಂದು ತನ್ನ ಚಕ್ರ ಹಾಕಿಕೊಟ್ಟರೆ ಆ ಕ್ಷಣಕ್ಕೆ ಅಂಗಿಯ ಬಣ್ಣ ಮರೆಯಾಗುತ್ತದೆ. ನಮ್ಮವರಿಗೆ ಮಾತ್ರ ಮಿಡಿಯುವ ಹೃದಯ ಇನ್ನೂ ಅರ್ಧ ದಾರಿಯಲ್ಲೇ ಇದೆ. ನಮ್ಮ ಬಳಗ, ನಮ್ಮ ಊರು, ನಮ್ಮ ಜನ ಎಂಬ ಬೇಲಿಯಾಚೆಗೂ ಚಾಚುವ ಕೈಯೇ ನಿಜವಾದ ನೆರವಿನ ಕೈ.

ಈ ಆಟದಲ್ಲಿ ಗೆಲ್ಲುವವನು ಒಬ್ಬನೇ. ಉಳಿದ ಹತ್ತಾರು ಮಂದಿ ಸೋಲುತ್ತೇವೆಂದು ತಿಳಿದೇ ಬರುತ್ತಾರೆ. ಸಾಮಾನ್ಯವಾಗಿ ಕೊನೆಯವನಿಗೂ ಬೇಲಿಯ ಬಳಿ ಚಪ್ಪಾಳೆ ಸಿಗುತ್ತದೆ. ಅದು ಕರುಣೆಯ ಚಪ್ಪಾಳೆಯಾಗಿರಬೇಕಿಲ್ಲ. ಅವನು ನಡೆದ ದಾರಿಯನ್ನು ಅವನೇ ನಡೆದಿದ್ದಾನೆ ಎಂಬುದಕ್ಕೆ ಸಿಗುವ ಮನ್ನಣೆ ಅದು.

ನಮ್ಮ ಮನೆಗಳಲ್ಲೂ ಇಂಥ ಗೆರೆಗಳನ್ನು ನಾವೇ ಎಳೆದುಕೊಳ್ಳಬೇಕಾಗಿದೆ. ಮಗುವಿಗೆ ಪುಸ್ತಕ ಕೊಡಿಸೋಣ, ಅರ್ಥವಾಗದ್ದನ್ನು ಹತ್ತು ಸಲ ವಿವರಿಸೋಣ, ರಾತ್ರಿ ಅದು ಓದುವಾಗ ಪಕ್ಕದಲ್ಲಿ ಎಚ್ಚರವಿರೋಣ. ಆದರೆ ಉತ್ತರ ಅದೇ ಬರೆಯಲಿ. ತಮ್ಮನನ್ನು ಸಂದರ್ಶನಕ್ಕೆ ಸಿದ್ಧಪಡಿಸೋಣ, ಬಸ್ಸಿನ ಹಣ ಕೊಡೋಣ, ಬಾಗಿಲವರೆಗೆ ಜೊತೆಯಲ್ಲಿ ಹೋಗೋಣ. ಒಳಗೆ ಅವನೊಬ್ಬನೇ ಹೋಗಲಿ. ಕೈಬಿಡದೆ, ಕೈ ಕಟ್ಟಿಹಾಕದೆ ನೆರವಾಗುವುದು ಕಷ್ಟದ ಕೆಲಸ. ಆದರೆ ಪ್ರೀತಿಸುವವರು ಕಲಿಯಲೇಬೇಕಾದ ಕೆಲಸವೂ ಅದೇ.