ತಾಯಿಯ ಕಾಯಕ ಮತ್ತು ಅದರ ಮೇರೆ

ಮಕ್ಕಳನ್ನು ಹೆತ್ತು ಸಾಕುತ್ತಿರುವ ಹೆಣ್ಣು ಹೊರಗಿನ ದುಡಿಮೆಗೆ ನಿಂತರೆ, ಅದರಲ್ಲೂ ಸಂಬಳದ ನೌಕರಿ ಬಿಟ್ಟು ತನ್ನದೇ ಸಂಸ್ಥೆಯೊಂದನ್ನು ಕಟ್ಟಲು ಹೊರಟರೆ, ಆಕೆ ತನ್ನ ಧರ್ಮವನ್ನು ಮೀರಿದಂತಾಗುತ್ತದೆಯೇ ಎಂಬ ಪ್ರಶ್ನೆಗೆ ಕನ್ನಡದ ವಿಚಾರ ಪರಂಪರೆಯಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ನೌಕರಿಗೆ ಹೋಗುವ ತಾಯಿಯ ವಿಷಯದಲ್ಲಿ, ಮನೆ ನಡೆಯಬೇಕಲ್ಲ ಎಂಬ ಸಮಾಧಾನವನ್ನು ಮನೆಯವರೂ ನೆರೆಯವರೂ ತಾವಾಗಿಯೇ ತಂದುಕೊಳ್ಳುತ್ತಾರೆ. ಸ್ವಂತ ಉದ್ಯಮಕ್ಕೆ ಆ ಸಮಾಧಾನ ಒದಗುವುದಿಲ್ಲ, ಏಕೆಂದರೆ ಅಲ್ಲಿ ಆಕೆಯ ಇಚ್ಛೆಯೇ ಎದ್ದು ಕಾಣುತ್ತದೆ.

ಮಂಡ್ಯ ತಾಲ್ಲೂಕಿನ ಹೊಳಲಿನಂಥ ಊರಿಗೂ ಈ ಪ್ರಶ್ನೆ ದೂರದ್ದಲ್ಲ. 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ತಾಂತ್ರಿಕ ವಿದ್ಯೆ ಇಂಥ ಊರುಗಳ ಮಕ್ಕಳ ಕೈಗೆಟುಕುವಷ್ಟು ಹತ್ತಿರ ಬಂದಿದೆ. ಆ ವಿದ್ಯೆಯನ್ನು ಬಳಸಿಕೊಳ್ಳುವ ವೆಬ್ ಸ್ಟ್ರಾಟಜಿ ಎಂಬ ಕೆಲಸ, ಅಂದರೆ ಒಂದು ಅಂಗಡಿಯೋ ಆಸ್ಪತ್ರೆಯೋ ಸಹಕಾರ ಸಂಘವೋ ಅಂತರ್ಜಾಲದಲ್ಲಿ ಯಾರಿಗೆ, ಏನನ್ನು, ಯಾವ ಕ್ರಮದಲ್ಲಿ ತಿಳಿಸಬೇಕೆಂಬುದನ್ನು ಮುಂದಾಗಿ ಯೋಚಿಸಿ ರೂಪಿಸಿಕೊಡುವ ಸಲಹೆಯ ವೃತ್ತಿ, ಕಂಪ್ಯೂಟರೂ ಸಂಪರ್ಕವೂ ಇದ್ದರೆ ಮನೆಯ ಪಡಸಾಲೆಯಲ್ಲಿಯೇ ನಡೆಯಬಲ್ಲದು.

ಹೆಣ್ಣಿನ ಧರ್ಮವನ್ನು ಮನೆಯೊಳಗೇ ಗೊತ್ತುಪಡಿಸುವ ವಾದವನ್ನು ಕನ್ನಡದಲ್ಲಿ ವಿಸ್ತಾರವಾಗಿ ಮಂಡಿಸಿದ ಕೃತಿ ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'. ಹದಿಬದೆ ಎಂದರೆ ಪತಿವ್ರತೆ; ಸಾಂಗತ್ಯವೆಂಬ ಹಾಡುಗಬ್ಬದ ಛಂದಸ್ಸಿನಲ್ಲಿರುವ ಈ ಕೃತಿ ಗೃಹಿಣಿಯ ನಡೆನುಡಿಗಳನ್ನು ನಿರೂಪಿಸುತ್ತದೆ. ಆದರೆ ಅದನ್ನು ಬರೆದವಳು 1672ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯ ಊಳಿಗದಲ್ಲಿದ್ದ, ದುಡಿದು ಬದುಕಿದ ಹೆಣ್ಣು ಎಂಬುದನ್ನು ಓದುಗರು ಸಾಮಾನ್ಯವಾಗಿ ಮರೆಯುತ್ತಾರೆ. ಹೆತ್ತು ಹೊರೆದವಳೂ ಹೆಣ್ಣೇ ಆಗಿರುವಾಗ ಹೆಣ್ಣನ್ನು ಹೀಗಳೆಯುವುದು ಹೇಗೆ ಸಾಧುವೆಂದು ಆ ಕೃತಿಯಲ್ಲಿಯೇ ಆಕೆ ಕೇಳುತ್ತಾಳೆ. ಗೃಹಧರ್ಮವನ್ನು ಬೋಧಿಸಿದ ಕವಿಯ ಬದುಕೇ ಅರಮನೆಯ ಊಳಿಗವನ್ನು ಒಳಗೊಂಡಿದ್ದಾಗ, ದುಡಿಮೆ ಮತ್ತು ಹೆಣ್ತನ ಒಂದಕ್ಕೊಂದು ವಿರೋಧವೆಂಬ ಮಾತನ್ನು ಆಕೆಯ ಹೆಸರಿನಲ್ಲಿ ಹೇಳುವುದು ನ್ಯಾಯವಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದರು. ಕಾಯಕವೆಂದರೆ ಸತ್ಯಶುದ್ಧವಾಗಿ, ಅಂದರೆ ಮೋಸವಿಲ್ಲದೆ, ನಡೆಸುವ ದುಡಿಮೆ. ಅದರ ಫಲವನ್ನು ಹಂಚಿ ಉಣ್ಣುವುದು ದಾಸೋಹ. ನೂಲು ತೆಗೆಯುತ್ತಿದ್ದ ಕದಿರೆ ರೆಮ್ಮವ್ವೆ ತನ್ನ ಕಾಯಕದ ಹೆಸರಿನಿಂದಲೇ ಗುರುತಿಸಿಕೊಂಡಳು. ಅದಕ್ಕಾಗಿ ಆಕೆ ಯಾರ ಕ್ಷಮೆಯನ್ನೂ ಕೇಳಬೇಕಾಗಿರಲಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅಷ್ಟು ಬೇಡ, ಅದು ಆಸೆ, ತಂದಲ್ಲಿಗೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ತಡೆದಳು. ಈ ಪ್ರಸಂಗವನ್ನು ಸಂತೃಪ್ತಿಯ ಪಾಠವೆಂದಷ್ಟೇ ಓದುವ ರೂಢಿಯಿದೆ. ಆದರೆ ದುಡಿಮೆಯ ಮೇರೆಯನ್ನು ನಿರ್ಧರಿಸುವ ಅಧಿಕಾರ ಇಲ್ಲಿ ಹೆಣ್ಣಿನದು ಎಂಬುದೇ ಅದರ ಮುಖ್ಯ ಸಂಗತಿ.

ಸಂಸ್ಥೆ ಕಟ್ಟುವ ತಾಯಿಗೆ ನಿಜವಾಗಿ ಬೇಕಾದದ್ದು ಈ ಅಧಿಕಾರ. ತಾಯಿಯಾದವಳು ದುಡಿಯಬಹುದೇ ಎಂದು ಕಾಯಕ ತತ್ತ್ವ ಕೇಳುವುದಿಲ್ಲ. ಕೆಲಸ ಸತ್ಯಶುದ್ಧವೇ, ಎಲ್ಲಿಗೆ ಸಾಕು, ಯಾರೊಡನೆ ಹಂಚಿಕೆ ಎಂದು ಗಂಡು ಹೆಣ್ಣೆನ್ನದೆ ಎಲ್ಲರನ್ನೂ ಕೇಳುತ್ತದೆ. ಜನರ ಗಮನವನ್ನೇ ಸರಕಾಗಿಸಬಲ್ಲ ವೆಬ್ ಉದ್ಯಮದಲ್ಲಿ ಮೊದಲ ಪ್ರಶ್ನೆ ಕಠಿಣವಾದದ್ದು, ಏಕೆಂದರೆ ಇಲ್ಲದ ಗುಣವನ್ನು ಇದೆಯೆಂದು ತೋರಿಸಿಕೊಟ್ಟರೆ ಹಣ ಬೇಗ ಬರುತ್ತದೆ. ಎರಡನೆಯದು ಅದಕ್ಕಿಂತ ಕಠಿಣ: ಪ್ರತಿ ವರ್ಷವೂ ಹಿಂದಿನ ವರ್ಷಕ್ಕಿಂತ ಹೆಚ್ಚು ಬೆಳೆಯಬೇಕೆನ್ನುವ ವ್ಯವಹಾರ ಲೋಕಕ್ಕೆ ಲಕ್ಕಮ್ಮನ ಮಾತು ಒಗ್ಗುವುದಿಲ್ಲ. ಮಗು ಮಲಗಿದ ಮೇಲೆ ನಡುರಾತ್ರಿಯವರೆಗೆ ದುಡಿಯುವ ತಾಯಿಯನ್ನು ಕಾಯಕಯೋಗಿಯೆಂದು ಹೊಗಳಿ, ಅಡುಗೆಯನ್ನೂ ಆರೈಕೆಯನ್ನೂ ಆಕೆಯ ಪಾಲಿಗೇ ಬಿಡುವುದು ಕಾಯಕ ತತ್ತ್ವದ ದುರುಪಯೋಗ. ಹಂಚಿಕೆ ಎಂಬುದು ಫಲಕ್ಕೆ ಅನ್ವಯಿಸುವಂತೆ ಹೊರೆಗೂ ಅನ್ವಯಿಸಬೇಕು.

ಕಾನೂನು ಈ ಹೊರೆಯನ್ನು ಅರ್ಧಕ್ಕಷ್ಟೇ ಗುರುತಿಸಿದೆ. 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯ್ದೆಯು ನೌಕರಿಯಲ್ಲಿರುವ ತಾಯಿಗೆ ಮೊದಲ ಎರಡು ಮಕ್ಕಳವರೆಗೆ 26 ವಾರಗಳ ವೇತನಸಹಿತ ರಜೆ ಕೊಟ್ಟಿತು, 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಯಾರ ನೌಕರಿಯಲ್ಲೂ ಇಲ್ಲದೆ ಸ್ವಂತ ಉದ್ಯಮ ನಡೆಸುವವಳಿಗೆ ಇವೆರಡೂ ಇಲ್ಲ. ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ 'ಕೂಸಿನ ಮನೆ'ಗಳು ಮುಖ್ಯವಾಗಿ ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿಟ್ಟು ಬಂದವು. ಮನೆಯಲ್ಲಿಯೇ ಕುಳಿತು ಉದ್ಯಮ ನಡೆಸುವ ತಾಯಿಯೂ ದುಡಿಯುತ್ತಿದ್ದಾಳೆಂದು ಪಂಚಾಯಿತಿಗಳು ಒಪ್ಪಿ, ಆಕೆಯ ಕೂಸಿಗೂ ಆ ಬಾಗಿಲನ್ನು ತೆರೆಯಲಿ.